ಉತ್ತರ ಕನ್ನಡದ ಮಳೆ, ಘಟ್ಟ, ಉಪ್ಪುಗಾಳಿಗೆ ಬಾಳುವ ಮನೆ ಕಾರು: ಬಳಸಿದವರನ್ನು ಕೇಳಿ ಆರಿಸುವ ಸಮಗ್ರ ಮಾರ್ಗದರ್ಶಿ

ಒಂದೇ ಮಾದರಿಯ ಎರಡು ಕಾರು, ಒಂದು ಕಾರವಾರದಲ್ಲಿ, ಇನ್ನೊಂದು ಕಲಬುರಗಿಯಲ್ಲಿ. ಐದು ವರ್ಷ ಕಳೆದ ಮೇಲೆ ಎರಡನ್ನೂ ಎತ್ತಿ ಅಡಿಭಾಗ ನೋಡಿದರೆ ಒಂದೇ ಕಂಪನಿಯವು ಎಂದು ನಂಬುವುದು ಕಷ್ಟ. ಅಲ್ಲಿ ರಬ್ಬರು ಒಣಗಿ ಬಿರಿಯುತ್ತದೆ, ಇಲ್ಲಿ ಕಬ್ಬಿಣ ಕರಗುತ್ತದೆ. ಹಾಗಾಗಿ ಈ ಜಿಲ್ಲೆಯಲ್ಲಿ ಕಾರು ಕೊಳ್ಳುವವರು ಶೋರೂಮಿನ ಕರಪತ್ರ ಅಥವಾ ಬೆಂಗಳೂರಿನ ವಿಡಿಯೊ ನೋಡಿ ತೀರ್ಮಾನಿಸಬಾರದು. ನಿಮ್ಮದೇ ರಸ್ತೆಯಲ್ಲಿ ಕನಿಷ್ಠ ನಾಲ್ಕು ಮಳೆಗಾಲ ಕಂಡ ಗಾಡಿ ಮತ್ತು ಅದರ ಸರ್ವಿಸ್ ಬಿಲ್ಲುಗಳು ಹೇಳುವಷ್ಟು ಸತ್ಯವನ್ನು ಬೇರೆ ಯಾರೂ ಹೇಳುವುದಿಲ್ಲ.

ಮೊದಲು ನಿಮ್ಮ ದಾರಿ ಬರೆದುಕೊಳ್ಳಿ

ಕಾರಿನ ಹೆಸರು ಬಾಯಿಗೆ ಬರುವ ಮೊದಲೇ ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆಯಿರಿ: ದಿನಕ್ಕೆ ಎಷ್ಟು ಕಿಲೋಮೀಟರ್, ತಿಂಗಳಿಗೆ ಎಷ್ಟು ಸಲ ಘಟ್ಟ, ಮನೆಯ ಹಾದಿ ಎಂಥದ್ದು, ರಾತ್ರಿ ಗಾಡಿ ನಿಲ್ಲುವುದು ಎಲ್ಲಿ.

ಕಾರವಾರ ಪೇಟೆಯೊಳಗೆ ಮೂರು ಕಿಲೋಮೀಟರ್ ಓಡಿ ಸಮುದ್ರಕ್ಕೆ ಮುಖ ಮಾಡಿದ ಅಂಗಳದಲ್ಲಿ ನಿಲ್ಲುವ ಕಾರಿನ ಕಷ್ಟವೇ ಬೇರೆ. ಶಿರಸಿಯ ಹಳ್ಳಿಯಿಂದ ಕೆಮ್ಮಣ್ಣಿನ ಏರು ಹತ್ತಿ ಟಾರು ರಸ್ತೆ ಸೇರುವ ಕಾರಿನ ಕಷ್ಟ ಬೇರೆ. ಮೊದಲನೆಯದಕ್ಕೆ ಉಪ್ಪುಗಾಳಿ ಶತ್ರು, ಎರಡನೆಯದಕ್ಕೆ ಕೆಸರು, ಕಲ್ಲು ಮತ್ತು ಅರ್ಧ ಕ್ಲಚ್. ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರ್. ಅಷ್ಟರಲ್ಲಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರಕ್ಕೆ ದೇವಿಮನೆ ಘಟ್ಟ ಹತ್ತಬೇಕು. ಅಂಕೋಲಾದಿಂದ ಯಲ್ಲಾಪುರದ ಕಡೆ ಹೋದರೆ ಅರಬೈಲ್ ಘಟ್ಟ, ತುಂಬಿದ ಲಾರಿಗಳ ಹಿಂದೆ ಮೊದಲ ಗೇರಿನಲ್ಲೇ ತೆವಳಬೇಕಾದೀತು.

‘ನಾವು ಕರಾವಳಿಯವರು, ಘಟ್ಟದ ಉಸಾಬರಿ ಇಲ್ಲ’ ಎನ್ನುವವರೂ ಲೆಕ್ಕ ಹಾಕಬೇಕು. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆದಾಗ ದಕ್ಷಿಣದ ದಾರಿಯೇ ಕಡಿದುಹೋಯಿತು. ದೊಡ್ಡ ಆಸ್ಪತ್ರೆಗೆ ಇಲ್ಲಿಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ ಎಂದು ಹೊರಡಬೇಕು. ಮಳೆಗಾಲದ ನಡುರಾತ್ರಿ ಐದು ಜನರನ್ನು ಕೂರಿಸಿಕೊಂಡು ಘಟ್ಟ ಹತ್ತುವ ಶಕ್ತಿ ಮನೆಯ ಕಾರಿಗೆ ಇರಲೇಬೇಕು.

ಭಾರದ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಐದು ಜನ ದೊಡ್ಡವರು ಎಂದರೆ ಸುಮಾರು 325 ಕೆಜಿ. ಮೇಲೆ ಒಂದು ಚೀಲ ಅಡಿಕೆ ಹಾಕಿದರೆ 400ರ ಹತ್ತಿರ. ಸಣ್ಣ ಕಾರುಗಳು ಹೊರಬಹುದಾದ ಒಟ್ಟು ಭಾರ ಸಾಮಾನ್ಯವಾಗಿ 400ರಿಂದ 500 ಕೆಜಿ. ನಿಖರ ಅಂಕಿ ಬೇಕಿದ್ದರೆ ಕೈಪಿಡಿಯಲ್ಲಿರುವ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆಯಿರಿ. ಸಿಎನ್‌ಜಿ ಆದರೆ ಸಿಲಿಂಡರಿನ ಭಾರ ಮತ್ತು ಅದು ತಿನ್ನುವ ಡಿಕ್ಕಿಯ ಜಾಗವನ್ನೂ ಗಮನದಲ್ಲಿಡಿ.

ಯಾರನ್ನು ಕೇಳಬೇಕು

ಹೊಸ ಕಾರಿನ ಯಜಮಾನರನ್ನು ಕೇಳಿ ಪ್ರಯೋಜನವಿಲ್ಲ. ಮೊದಲ ವರ್ಷ ಎಲ್ಲ ಕಾರೂ ಚೆನ್ನಾಗಿಯೇ ಇರುತ್ತದೆ, ಸಾಲದ ಕಂತು ಕಟ್ಟುತ್ತಿರುವವರು ತಮ್ಮ ಆಯ್ಕೆಯನ್ನು ಬೈದುಕೊಳ್ಳುವುದೂ ಕಡಿಮೆ. ನಾಲ್ಕರಿಂದ ಏಳು ವರ್ಷ ಹಳೆಯ, 50 ಸಾವಿರ ಕಿಲೋಮೀಟರ್ ದಾಟಿದ ಗಾಡಿಗಳನ್ನು ಹುಡುಕಿ. ನಂಬರ್ ಪ್ಲೇಟೇ ಅರ್ಧ ದಾರಿ ತೋರಿಸುತ್ತದೆ: ಕೆಎ 30 ಕಾರವಾರ, ಕೆಎ 31 ಶಿರಸಿ, ಕೆಎ 47 ಹೊನ್ನಾವರ, ಕೆಎ 65 ದಾಂಡೇಲಿ. ಕರಾವಳಿಯಲ್ಲಿರುವವರು 30 ಮತ್ತು 47ರ ಗಾಡಿಗಳನ್ನು, ಘಟ್ಟದ ಮೇಲಿನವರು 31ರವನ್ನು ನೋಡಿ.

ಒಂದು ಮಾದರಿಗೆ ಕನಿಷ್ಠ ಮೂರು ಜನ ಬೇಕು. ಒಬ್ಬರು ತಾವೇ ಓಡಿಸುವವರು, ಒಬ್ಬರು ಹಳದಿ ಬೋರ್ಡಿನ ಬಾಡಿಗೆ ಗಾಡಿಯವರು, ಇನ್ನೊಬ್ಬರು ಕಂಪನಿಯದಲ್ಲದ ಗ್ಯಾರೇಜಿನ ಮೆಕ್ಯಾನಿಕ್. ಬಾಡಿಗೆಯವರು ಒಂದು ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಏನಾಗುತ್ತದೆ ಎಂದು ಬಲ್ಲರು. ಮೆಕ್ಯಾನಿಕ್ಕಿಗೆ ‘ಯಾವ ಕಾರು ಒಳ್ಳೆಯದು?’ ಎನ್ನುವ ಬದಲು ‘ಈ ಮಾದರಿಗೆ ತಿಂಗಳಲ್ಲಿ ಯಾವ ಪಾರ್ಟ್ ಹೆಚ್ಚು ತರಿಸುತ್ತೀರಿ, ಎಲ್ಲಿಂದ ತರಿಸುತ್ತೀರಿ, ಎಷ್ಟು ದಿನ ಹಿಡಿಯುತ್ತದೆ?’ ಎಂದು ಕೇಳಿ. ಹೆಡ್‌ಲೈಟೋ ಎಸಿ ಕಂಡೆನ್ಸರೋ ಹುಬ್ಬಳ್ಳಿಯಿಂದ ಮರುದಿನ ಬಂದರೆ ಚಿಂತೆಯಿಲ್ಲ. ಎರಡು ವಾರ ಕಾಯಬೇಕಾದ ಮಾದರಿ ಎಷ್ಟೇ ಚೆಂದವಿದ್ದರೂ ದಿನಬಳಕೆಗೆ ಆಗದು.

ಏನು ಕೇಳಬೇಕು

‘ಕಾರು ಹ್ಯಾಂಗಿದ್ದು ಭಾವ?’ ಎಂದು ಕೇಳಿದರೆ ‘ಅಡ್ಡಿಲ್ಲೆ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಅಭಿಪ್ರಾಯ ಬೇಡ, ಪಾರ್ಟು ಮತ್ತು ಕಿಲೋಮೀಟರ್ ಕೇಳಿ. ಸಾಧ್ಯವಿದ್ದರೆ ಬಿಲ್ಲಿನ ಕಡತವನ್ನೇ ಮುಂದಿಟ್ಟುಕೊಳ್ಳಿ.

ಕ್ಲಚ್ ಎಷ್ಟು ಕಿಲೋಮೀಟರಿಗೆ ಬದಲಾಯಿತು? ಘಟ್ಟದಲ್ಲಿ ಲಾರಿಯ ಹಿಂದೆ ಅರ್ಧ ಕ್ಲಚ್ ಒತ್ತಿ ನಿಲ್ಲಿಸುವ ರೂಢಿ ಇದ್ದವರ ಗಾಡಿಯಲ್ಲಿ ಅದು ಬೇಗ ಸವೆಯುತ್ತದೆ. ಆದರೆ ಕೇಳಿದ ಮೂವರದ್ದೂ 40 ಸಾವಿರದೊಳಗೇ ಹೋಗಿದ್ದರೆ ತಪ್ಪು ಓಡಿಸುವವರದ್ದಲ್ಲ, ಎಂಜಿನ್‌ನ ಕೆಳಹಂತದ ಎಳೆತ ಸಾಲದು ಎಂದು ಅರ್ಥ. ಮುಂದಿನ ಶಾಕ್ ಅಬ್ಸಾರ್ಬರ್, ಲಿಂಕ್ ರಾಡ್, ಲೋವರ್ ಆರ್ಮ್ ಬುಷ್ ಯಾವಾಗ ಬದಲಾಯಿಸಿದರು? ಹೊಂಡ ಇಳಿದಾಗ ಮುಂದಿನಿಂದ ‘ಕಟಕಟ’ ಎನ್ನುವುದು ಹೆಚ್ಚಾಗಿ ಲಿಂಕ್ ರಾಡು ಅಥವಾ ಬುಷ್ಷಿನದು, ಅದು ಸಣ್ಣ ಖರ್ಚು. 60–80ರ ವೇಗದಲ್ಲಿ ‘ಹೂಂ’ ಎಂದು ಏರುವ ಸದ್ದು ವೀಲ್ ಬೇರಿಂಗಿನದು. ನೀರು, ಕೆಸರಿನಲ್ಲಿ ಪದೇ ಪದೇ ಇಳಿಯುವ ಗಾಡಿಗಳಲ್ಲಿ ಇದರ ಸೀಲ್ ಮೊದಲು ಸೋಲುತ್ತದೆ.

ಕರಾವಳಿಯವರನ್ನು ಎಸಿಯ ಬಗ್ಗೆ ಒತ್ತಿ ಕೇಳಿ. ‘ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸುತ್ತೇವೆ’ ಎಂದರೆ ಎಲ್ಲೋ ಸೋರಿಕೆ ಇದೆ. ಬಂಪರಿನ ಜಾಲರಿಯಿಂದ ಟಾರ್ಚ್ ಬಿಟ್ಟು ಕಂಡೆನ್ಸರಿನ ತೆಳು ಅಲ್ಯೂಮಿನಿಯಂ ಪಟ್ಟಿಗಳನ್ನು ನೋಡಿ. ಉಪ್ಪುಗಾಳಿ ತಿಂದಲ್ಲಿ ಅವು ಬಿಳಿಯಾಗಿ, ಬೆರಳು ತಾಗಿದರೆ ಪುಡಿ ಉದುರುವ ಹಾಗೆ ಇರುತ್ತವೆ. ಕಂಡೆನ್ಸರ್ ಬದಲಿಸುವುದು ಮುಂಭಾಗದ ಕೆಲಸ, ಅರ್ಧ ದಿನದ್ದು. ಸೋರುವುದು ಒಳಗೆ ಗಾಳಿ ತಣಿಸುವ ಎವಾಪರೇಟರ್ ಆಗಿದ್ದರೆ ಎಷ್ಟೋ ಮಾದರಿಗಳಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಒಮ್ಮೆ ಬಿಚ್ಚಿದ ಡ್ಯಾಶ್‌ಬೋರ್ಡ್ ಆಮೇಲೆ ಸದ್ದು ಮಾಡದೆ ಇರುವುದು ಅಪರೂಪ.

ಘಟ್ಟದ ಮೇಲಿನವರನ್ನು ಇಲಿ ಮತ್ತು ಬೂಸಲಿನ ಬಗ್ಗೆ ಕೇಳಿ. ವೈರು ಕಡಿದು ಎಷ್ಟು ಸಲ ಗ್ಯಾರೇಜಿಗೆ ಹೋಯಿತು, ಎಂಜಿನ್ ಕೆಳಗಿನ ಮುಚ್ಚಳ ಪೂರ್ತಿ ಇದೆಯೋ ಅರ್ಧವೋ, ಜುಲೈ-ಆಗಸ್ಟಿನಲ್ಲಿ ಸೀಟಿನ ಬಟ್ಟೆ, ಬೆಲ್ಟು ಬೂಸಲು ಹಿಡಿಯುತ್ತವೆಯೋ. ಗಾಜಿನ ಬುಡದ ವೈಪರ್ ತೊಟ್ಟಿಯಲ್ಲಿ ಎಲೆ ಕಟ್ಟಿಕೊಂಡು ನೀರು ಕಾಲಬುಡಕ್ಕೆ ಇಳಿಯಿತೇ ಎಂಬುದನ್ನೂ ಬಿಡಬೇಡಿ. ಮರದಡಿ ನಿಲ್ಲುವ ಗಾಡಿಗಳಿಗೆ ಇದು ದೊಡ್ಡ ಕಾಟ.

ಮೈಲೇಜ್ ವಿಷಯದಲ್ಲಿ ಡಿಸ್‌ಪ್ಲೇ ತೋರಿಸುವ ಅಂಕಿಯನ್ನು ಒಪ್ಪಬೇಡಿ. ಟ್ಯಾಂಕ್ ಆಟೋ ಕಟ್ ಆಗುವವರೆಗೆ ತುಂಬಿಸಿ, 300 ಕಿಲೋಮೀಟರಾದರೂ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಆಟೋ ಕಟ್‌ವರೆಗೆ ತುಂಬಿಸಿ ಭಾಗಿಸಿದ ಲೆಕ್ಕ ಮಾತ್ರ ನಿಜವಾದದ್ದು.

ಎಂಜಿನ್, ಗೇರು, ಎತ್ತರ

ಘಟ್ಟಕ್ಕೆ ಮುಖ್ಯವಾದದ್ದು ಅಶ್ವಶಕ್ತಿಗಿಂತ ಟಾರ್ಕ್ (ಎಂಜಿನ್‌ನ ಎಳೆತ), ಅದೂ ಕಡಿಮೆ ಆರ್‌ಪಿಎಂನಲ್ಲಿ ಸಿಗುವ ಟಾರ್ಕ್. ವ್ಯಾಗನ್ ಆರ್ 1.0 ಲೀಟರಿನಲ್ಲಿ ಟಾರ್ಕ್ 89 ಎನ್‌ಎಂ (ನ್ಯೂಟನ್ ಮೀಟರ್), 1.2 ಲೀಟರಿನಲ್ಲಿ 113. ಖಾಲಿ ಗಾಡಿಯಲ್ಲಿ ಈ ಅಂತರ ಗೊತ್ತೇ ಆಗುವುದಿಲ್ಲ. ಐದು ಜನ, ಎಸಿ, ದೇವಿಮನೆಯ ತಿರುವು ಮೂರೂ ಸೇರಿದರೆ ಚಿಕ್ಕ ಎಂಜಿನ್ ಮೊದಲ ಗೇರಿಗೆ ಇಳಿಯುತ್ತದೆ. ತಿಂಗಳಿಗೆರಡು ಸಲ ಘಟ್ಟ ಹತ್ತುವ ಕುಟುಂಬಕ್ಕೆ ಟರ್ಬೊ ಇಲ್ಲದ ಎಂಜಿನ್ 1.2 ಲೀಟರಿಗಿಂತ ಕೆಳಗಿನದು ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಸಣ್ಣ ಟರ್ಬೊ ಪೆಟ್ರೋಲ್ ಚೆನ್ನಾಗಿ ಎಳೆಯುತ್ತದೆ. ಆದರೆ ಕಂಪನಿ ಹೇಳಿದ ದರ್ಜೆಯ ಆಯಿಲನ್ನೇ, ಹೇಳಿದ ಸಮಯಕ್ಕೇ ಹಾಕದಿದ್ದರೆ ಟರ್ಬೊ ಕ್ಷಮಿಸುವುದಿಲ್ಲ.

ಡೀಸೆಲ್ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಕೂಡಿದ ಮಸಿ ಸುಟ್ಟುಹೋಗಲು 15–20 ನಿಮಿಷ ನಿಲ್ಲಿಸದೆ, 60ರ ಮೇಲಿನ ವೇಗದಲ್ಲಿ ಓಡಬೇಕು. ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗುವವರಿಗೆ ತೊಂದರೆಯಿಲ್ಲ. ದಿನಾ ಮಾರ್ಕೆಟ್ಟಿಗೂ ಶಾಲೆಗೂ ಮಾತ್ರ ಹೋಗುವವರಿಗೆ ವಾರ್ನಿಂಗ್ ಲೈಟ್ ತಪ್ಪಿದ್ದಲ್ಲ.

ಕ್ಲಚ್ ಒತ್ತಿ ಗೇರು ಬದಲಿಸುವ ಕೆಲಸವನ್ನು ತಾನೇ ಮಾಡುವ ಎಎಂಟಿ ಗೇರ್‌ಬಾಕ್ಸ್ ಅಗ್ಗ, ರಿಪೇರಿಯೂ ಸುಲಭ. ಏರಿನಲ್ಲಿ ಅದು ಎರಡು ಮತ್ತು ಮೂರರ ನಡುವೆ ತಡಕಾಡುತ್ತದೆ, ಇಳಿಜಾರಿನಲ್ಲಿ ಮೇಲಿನ ಗೇರಿಗೆ ಹಾರುತ್ತದೆ. ಘಟ್ಟದಲ್ಲಿ ಮ್ಯಾನುವಲ್ ಮೋಡಿಗೆ ಹಾಕಿಯೇ ಓಡಿಸಬೇಕು. ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಇಲ್ಲದ ಎಎಂಟಿ ಇಲ್ಲಿಗೆ ಬೇಡವೇ ಬೇಡ. ಡ್ರೈ ಕ್ಲಚ್‌ನ ಡಿಸಿಟಿ (ಎರಡು ಕ್ಲಚ್ ಇರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಲಾರಿಗಳ ಹಿಂದೆ ತೆವಳುವಾಗ ಬಿಸಿಯಾಗುತ್ತದೆ, ಹಾಗಾಗಿ ಅರಬೈಲ್ ಕಡೆ ಓಡಾಡಿದ ಯಜಮಾನರನ್ನು ಕೇಳದೆ ಕೊಳ್ಳಬೇಡಿ.

ಎಲೆಕ್ಟ್ರಿಕ್ ಕಾರಿನ ಲೆಕ್ಕ ಸರಳ. 1,500 ಕೆಜಿಯ ಗಾಡಿಯನ್ನು 600 ಮೀಟರ್ ಮೇಲೆತ್ತಲು ಮಾತ್ರವೇ ಸುಮಾರು 2.5 ಯೂನಿಟ್ ಬೇಕು, ಇದು ಸಮತಟ್ಟಿನಲ್ಲಿ 15–20 ಕಿಲೋಮೀಟರ್ ಓಡುವಷ್ಟು ವಿದ್ಯುತ್. ಇಳಿಯುವಾಗ ಒಂದಷ್ಟು ವಾಪಸ್ ಬರುತ್ತದೆ, ಬ್ರೇಕೂ ಉಳಿಯುತ್ತದೆ. ಘಟ್ಟದ ಮೇಲೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬರದಿರುವುದೇ ನಿಜವಾದ ತೊಡಕು. ಪೇಟೆಯಲ್ಲಿದ್ದು ಸರಿಯಾದ ಅರ್ಥಿಂಗ್ ಇರುವವರಿಗೆ ಅಡ್ಡಿಯಿಲ್ಲ.

ನೆಲದಿಂದ ಎತ್ತರಕ್ಕೆ ಬಂದರೆ, ಸ್ವಿಫ್ಟ್ 163 ಮಿಲಿಮೀಟರ್, ವ್ಯಾಗನ್ ಆರ್ 165, ಟ್ರೈಬರ್ 182, ಪಂಚ್ 187, ನೆಕ್ಸಾನ್ 208. ಇವೆಲ್ಲ ಖಾಲಿ ಗಾಡಿಯ ಅಂಕಿಗಳು ಎಂದು ನೆನಪಿಡಿ. ಮನೆಹಾದಿಯ ನಡುವೆ ಎದ್ದು ನಿಂತ ಕಲ್ಲಿನ ಎತ್ತರವನ್ನು ಟೇಪು ಹಿಡಿದು ಅಳೆಯಿರಿ. ತುಂಬಿದ ಗಾಡಿ ಹಲವು ಸೆಂಟಿಮೀಟರ್ ಕುಳಿತುಕೊಳ್ಳುತ್ತದೆ ಎಂದಿಟ್ಟುಕೊಂಡು ಉಳಿಯುವ ಅಂತರ ನೋಡಿ.

ತುಕ್ಕು ನೋಡುವ ಕ್ರಮ

ಇದಕ್ಕೆ ಹೆಚ್ಚು ಸಮಯ ಕೊಡಿ. ನೀವು ಹೊಸ ಕಾರು ಕೊಳ್ಳುವವರಾದರೂ ಅದೇ ಮಾದರಿಯ ಹಳೆಯ ಗಾಡಿಯನ್ನು ಹೀಗೆ ನೋಡಿದರೆ ನಿಮ್ಮದು ಮುಂದೆ ಎಲ್ಲಿ ಕೆಡುತ್ತದೆ ಎಂದು ಮೊದಲೇ ಗೊತ್ತಾಗುತ್ತದೆ. ಬೇಕಾದದ್ದು ಟಾರ್ಚು, ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ, ಮರದ ಹಿಡಿಯ ಸ್ಕ್ರೂಡ್ರೈವರ್, ನೆಲಕ್ಕೆ ಹಾಸಲು ಗೋಣಿಚೀಲ.

ಬಾಗಿಲು ತೆಗೆದು ಅದರ ಕೆಳ ಅಂಚಿನಿಂದ ಶುರು ಮಾಡಿ. ಅಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳಿವೆ, ಕೆಮ್ಮಣ್ಣು ಕಟ್ಟಿದರೆ ನೀರು ಒಳಗೇ ನಿಂತು ಅಂಚು ಒಳಗಿನಿಂದ ಕೊಳೆಯುತ್ತದೆ. ಬಣ್ಣದ ಮೇಲೆ ಸಣ್ಣ ಗುಳ್ಳೆ ಕಂಡರೆ ಮೇಲಿನ ಗೀರಿನ ತುಕ್ಕು ಅಲ್ಲ, ಒಳಗಿನಿಂದ ಬಂದದ್ದು. ಗೀರಿನ ತುಕ್ಕನ್ನು ಟಚ್‌ಅಪ್ ಮಾಡಿ ನಿಲ್ಲಿಸಬಹುದು, ಗುಳ್ಳೆಯನ್ನು ತಗಡು ಕತ್ತರಿಸದೆ ನಿಲ್ಲಿಸಲಾಗದು.

ಮುಂದೆ ಬಾಗಿಲ ಕೆಳಗಿನ ಸಿಲ್. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ತಗಡು ‘ಠಣ್’ ಎನ್ನುತ್ತದೆ, ತಿಂದುಹೋದದ್ದು ಮಂಕಾಗಿ ‘ದಪ್’ ಎನ್ನುತ್ತದೆ. ಅಯಸ್ಕಾಂತ ಅಂಟದ ಜಾಗದಲ್ಲಿ ಪುಟ್ಟಿ ತುಂಬಿರಬಹುದು (ಬಂಪರ್, ಪ್ಲಾಸ್ಟಿಕ್ ಭಾಗಗಳಿಗೆ ಅದು ಹೇಗೂ ಅಂಟದು). ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ಟೈರಿನ ಗುಂಡಿ ನೋಡಿ. ಮೀನಿನ ಚೀಲ ಸಾಗಿಸಿದ ಗಾಡಿಗಳಲ್ಲಿ ಉಪ್ಪುನೀರು ಅಲ್ಲೇ ಇಳಿದು ಕೂತಿರುತ್ತದೆ.

ಗೋಣಿಚೀಲ ಹಾಸಿ ಅಡಿಗೆ ನೋಡುವಾಗ ಗಾಡಿಯ ಕೆಳಗೆ ತೂರಬೇಡಿ, ಪಕ್ಕದಲ್ಲಿ ಮಲಗಿ ಟಾರ್ಚ್ ಬಿಡಿ. ಹಿಂದಿನ ಚಕ್ರದ ಬಳಿಯ ಬ್ರೇಕ್ ಪೈಪು, ಎಂಜಿನ್ ಹೊರುವ ಮುಂದಿನ ಸಬ್‌ಫ್ರೇಮಿನ ಬೆಸುಗೆ ಮತ್ತು ಬೋಲ್ಟು, ಸೈಲೆನ್ಸರಿನ ಜೋಡಣೆ ಮೂರನ್ನೂ ಗಮನಿಸಿ. ಸೈಲೆನ್ಸರ್ ತುಕ್ಕು ಹಿಡಿಯುವುದು ಸಹಜ. ಬ್ರೇಕ್ ಪೈಪಿನ ಮೇಲೆ ಪದರ ಎದ್ದ ತುಕ್ಕು ಇದ್ದರೆ ಪ್ರಾಣಾಪಾಯ. ಮಾರಾಟಕ್ಕಿಟ್ಟ ಹಳೆ ಗಾಡಿಯ ಅಡಿಗೆ ಹೊಚ್ಚಹೊಸ ಕಪ್ಪು ಕೋಟಿಂಗ್ ಹೊಡೆದಿದ್ದರೆ ಎಚ್ಚರ, ಅದರಡಿ ಏನಿದೆ ಎಂದು ಕಾಣುವುದಿಲ್ಲ.

ಹೊಸ ಗಾಡಿಗೆ ಕೋಟಿಂಗ್ ಮಾಡಿಸುವುದಾದರೆ ಮೊದಲ ಮಳೆಗಾಲಕ್ಕೆ ಮುಂಚೆ, ತಗಡು ತೊಳೆದು ಪೂರ್ತಿ ಒಣಗಿದ ಮೇಲೆ ಮಾಡಿಸಿ. ನೀರಿನ ತೂತುಗಳನ್ನು ಮುಚ್ಚಿಬಿಡುವುದು ಸಾಮಾನ್ಯ ತಪ್ಪು, ನಿಂತು ನೋಡಿಕೊಳ್ಳಿ. ಆಮೇಲೆ ಎರಡು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಅಡಿಭಾಗ ತೊಳೆಯಿರಿ, ತೂತುಗಳನ್ನು ತೆಂಗಿನ ಹಿಡಿಕಡ್ಡಿಯಿಂದ ಬಿಡಿಸಿ. ಹೆದ್ದಾರಿಯಲ್ಲಿ ಮೀನು ಲಾರಿಗಳು ಸುರಿಸುವ ನೀರೂ ಉಪ್ಪುನೀರೇ. ಬೀಚಿನ ತೇವದ ಮರಳಿನ ಮೇಲೆ ಓಡಿಸಿದ ದಿನ ತೊಳೆಯುವುದನ್ನು ಮರುದಿನಕ್ಕೆ ಬಿಡಬೇಡಿ.

ಟೆಸ್ಟ್ ಡ್ರೈವ್

ಹೆದ್ದಾರಿಯಲ್ಲಿ ಐದು ನಿಮಿಷದ ಸುತ್ತು ಸಾಲದು. ಮನೆಯವರನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ, ಏರು ಇರುವ ರಸ್ತೆಗೆ ಒಯ್ಯಬೇಕೆಂದು ಬುಕ್ಕಿಂಗಿಗೆ ಮುಂಚೆಯೇ ಕೇಳಿ. ದುಡ್ಡು ಕಟ್ಟಿದ ಮೇಲೆ ಯಾರೂ ಒಪ್ಪುವುದಿಲ್ಲ. ಏರಿನ ನಡುವೆ ಪೂರ್ತಿ ನಿಲ್ಲಿಸಿ ಮತ್ತೆ ಹೊರಡಿಸಿ: ಹಿಂದೆ ಎಷ್ಟು ಜಾರಿತು, ಕ್ಲಚ್ ಸುಟ್ಟ ವಾಸನೆ ಬಂತೇ, ಎರಡನೇ ಗೇರಿನಲ್ಲಿ 20ರ ವೇಗದಿಂದ ಎಳೆಯಿತೇ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿದು, ಎಂಜಿನ್ ಎಷ್ಟು ತಡೆಯುತ್ತದೆ ನೋಡಿ. ತಿರುವಿನಲ್ಲಿ ಮುಂದಿನ ಗಾಜಿನ ಪಕ್ಕದ ಕಂಬ ಎದುರು ಗಾಡಿಯನ್ನು ಮರೆಮಾಡುತ್ತದೆಯೇ ಎಂಬುದು ಕರಪತ್ರದಲ್ಲಿ ಸಿಗದ ಸಂಗತಿ. ಹಿರಿಯರಿದ್ದರೆ ಅವರನ್ನು ಹಿಂದಿನ ಸೀಟಿಗೆ ಎರಡು ಸಲ ಹತ್ತಿಸಿ ಇಳಿಸಿ. ಸ್ಟೆಪ್ನಿ ಇದೆಯೋ, ಬರೀ ಪಂಕ್ಚರ್ ಕಿಟ್ ಕೊಡುತ್ತಾರೋ ನೋಡಿ. ನೆಟ್‌ವರ್ಕ್ ಸಿಗದ ಘಟ್ಟದಲ್ಲಿ ಟೈರ್ ಸೀಳಿದರೆ ಕಿಟ್ಟಿನಿಂದ ಏನೂ ಆಗದು.

ಸೆಕೆಂಡ್ ಹ್ಯಾಂಡ್ ಆದರೆ

2019ರ ಆಗಸ್ಟ್, 2021ರ ಜುಲೈನಲ್ಲಿ ಜಿಲ್ಲೆಯಲ್ಲಿ ನೆರೆ ಬಂದಿತ್ತು. ಅದಕ್ಕಿಂತ ಹಳೆಯ ಗಾಡಿಯಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಸೀಟು ತೊಳೆಯುವವರು ಬೆಲ್ಟಿನ ಒಳಸುತ್ತು ತೊಳೆಯುವುದಿಲ್ಲ, ಮಣ್ಣಿನ ಗೆರೆ ಅಲ್ಲೇ ಉಳಿದಿರುತ್ತದೆ. ಫ್ಯೂಸ್ ಬಾಕ್ಸಿನ ಮೂಲೆ ಮತ್ತು ಸೀಟಿನ ಹಳಿಯ ಬೋಲ್ಟುಗಳನ್ನೂ ನೋಡಿ.

ಬ್ಯಾಟರಿ ನಿಂತಾಗ 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ: 2322 ಎಂದರೆ 2022ರ 23ನೇ ವಾರ. ಕಾನೂನಿನ ಪ್ರಕಾರ ಟೈರಿನ ಅಚ್ಚು (ಟ್ರೆಡ್) 1.6 ಮಿಲಿಮೀಟರ್ ಆಳ ಇದ್ದರೆ ಸಾಕು, ಇಲ್ಲಿಯ ಮಳೆಗೆ 3ಕ್ಕೇ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಕುಡಿದ ಆಯಿಲ್ ಘಟ್ಟ ಇಳಿಯುವ ಬಿಸಿಗೆ ಕುದ್ದರೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಎರಡು ವರ್ಷದಿಂದ ಬದಲಿಸಿದ ದಾಖಲೆ ಇಲ್ಲದಿದ್ದರೆ ಕೊಂಡ ದಿನವೇ ಬದಲಿಸಿ. 2019ರ ಏಪ್ರಿಲ್‌ಗಿಂತ ಹಳೆಯ ಕೆಳದರ್ಜೆಯ ಮಾದರಿಗಳಲ್ಲಿ ಎಬಿಎಸ್, ಏರ್‌ಬ್ಯಾಗ್ ಇಲ್ಲದೆಯೂ ಇರಬಹುದು. ಕೇಳಿ ತಿಳಿಯುವ ಬದಲು, ಕೀ ತಿರುಗಿಸಿದಾಗ ಅವುಗಳ ದೀಪ ಹೊತ್ತಿ ಆರುತ್ತದೆಯೇ ನೋಡಿ.

ಗೋವಾ ನೋಂದಣಿಯ ಗಾಡಿ ಅಗ್ಗಕ್ಕೆ ಸಿಗುತ್ತದೆಂದು ಗಡಿಯ ಮಾಜಾಳಿ ದಾಟಿ ಹೋಗುವವರು ಮೊದಲು ಪೂರ್ತಿ ಲೆಕ್ಕ ಹಾಕಿ. ಅಲ್ಲಿಯ ಆರ್‌ಟಿಒದಿಂದ ನಮೂನೆ 28ರ ಎನ್‌ಒಸಿ ಬೇಕು, 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರ್ ಮಾಡಿಸಬೇಕು, ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಅದನ್ನೆಲ್ಲ ಕೂಡಿಸಿದರೆ ಎಷ್ಟೋ ಸಲ ಅಗ್ಗದ ಮಾತು ಉಳಿಯುವುದಿಲ್ಲ. ಇಲ್ಲಿಯದೇ ಗಾಡಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ನಮೂನೆ 29 ಮತ್ತು 30, ಸಾಲ ತೀರಿದ್ದರೆ ಅದರ ನಮೂದು ತೆಗೆಸಲು ನಮೂನೆ 35 ಬೇಕು. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ವಿಮೆ, ಸಾಲ, ಎಷ್ಟನೇ ಯಜಮಾನರು ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡಿ. ಹಳೆಯ ಯಜಮಾನರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ವಿಮೆ ಕಂತಿನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ.

ಹೊಸದಿರಲಿ ಹಳೆಯದಿರಲಿ, ವಿಮೆಗೆ ಎಂಜಿನ್ ರಕ್ಷಣೆಯ ಸೇರ್ಪಡೆ ಹಾಕಿಸಿ. ಸಾಮಾನ್ಯ ಪಾಲಿಸಿಯಲ್ಲಿ ನೀರು ಹೀರಿ ಕೆಟ್ಟ ಎಂಜಿನ್‌ಗೆ ಹಣ ಸಿಗುವುದು ಕಷ್ಟ. ನಿಂತ ನೀರಿನಲ್ಲಿ ಗಾಡಿ ಬಂದ್ ಬಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಆ ಒಂದೇ ಯತ್ನಕ್ಕೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕ್ಲೇಮೂ ಕೈತಪ್ಪುತ್ತದೆ. ಬ್ಯಾಟರಿಯ ವೈರ್ ಬಿಚ್ಚಿ, ಗಾಡಿಯನ್ನು ನೂಕಿ ಎತ್ತರದ ಜಾಗಕ್ಕೆ ತಂದು, ನೀರಿನ ಮಟ್ಟ ಕಾಣುವ ಹಾಗೆ ಫೋಟೊ ತೆಗೆದು, ವಿಮೆಯವರಿಗೆ ತಿಳಿಸಿದ ಮೇಲೆಯೇ ಟೋ ಮಾಡಿಸಿ.